ಮೂರು ಮನೆ ಶ್ರುತಿ

ಹೊಳೆನರಸೀಪುರ
10-7-1961

ಗಂಗಯ್ಯನಿಗೆ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದಿದ್ದರೆ ಪೂರಾ ಓದಿ ಆಮೇಲೆ ಹರಿ. ನಾವು ಮಾತು ಬಿಟ್ಟು ಹದಿನೇಳು ವರ್ಷವಾಯಿತು. ನಡುವೆ ನನಗೆ ಮೇಷ್ಟ್ರು ಕೆಲಸ ಸಿಕ್ಕಿತು, ಅರಕಲಗೂಡಿನಲ್ಲಿ ಆರು ವರ್ಷ, ಚನ್ನರಾಯಪಟ್ಟಣದಲ್ಲಿ ಐದು ವರ್ಷ ಕಳೆದೆ, ತಲೆಯ ಮುಂಭಾಗ ಬೋಳಾಯಿತು. ಜೂನ್ ತಿಂಗಳಲ್ಲಿ ಇಲ್ಲಿಯ ಹೈಸ್ಕೂಲಿಗೆ ವರ್ಗವಾಗಿ ಬಂದೆ. ನಾನು ಕಲಿಸುವುದು ಚರಿತ್ರೆ, ಭೂಗೋಳ. ಆದರೆ ಇವನು ಹಾರ್ಮೋನಿಯಂ ಬಾರಿಸುತ್ತಾನೆ ಎಂದು ಯಾರೋ ಪುಣ್ಯಾತ್ಮರು ಹೆಡ್‌ಮಾಸ್ಟರ ಕಿವಿಗೆ ಹಾಕಿದ್ದಾರೆ. ಬೆಳಗಿನ ಪ್ರಾರ್ಥನೆಯ ಮೇಳವನ್ನೂ ನಾಟಕವನ್ನೂ ನನ್ನ ತಲೆಗೇ ಕಟ್ಟಿದರು.

ಬಂದ ಎರಡನೇ ದಿನ ಮೇಳ ಕೇಳುತ್ತಾ ನಿಂತಿದ್ದೆ. ಇಪ್ಪತ್ತೆರಡು ಹುಡುಗಿಯರು. ಕೇಳಿಸುತ್ತಿದ್ದುದು ಮಾತ್ರ ಒಂದೇ ಒಂದು ದನಿ, ಮಿಕ್ಕವರು ಸುಮ್ಮನೆ ಬಾಯಿ ಆಡಿಸುತ್ತಿದ್ದರು. ಆ ಹುಡುಗಿ ಗದ್ದವನ್ನು ಆಕಾಶಕ್ಕೆ ಎತ್ತಿ, ಕತ್ತಿನ ನರ ಉಬ್ಬಿಸಿಕೊಂಡು ಹಾಡುತ್ತಿದ್ದಳು. ನಿಲ್ಲಿಸಿ, ಯಾರ ಮಗಳಮ್ಮ ಎಂದು ಕೇಳಿದೆ. "ಅಳ್ಳಿಮೈಸೂರು ರಸ್ತೆ ಮೇಸ್ತ್ರಿ ಗಂಗಯ್ಯನ ಮಗಳು ಸಾ, ಸುವರ್ಣ" ಎಂದಳು. ಎರಡನೇ ಹಾಡಿಗೆ ಹಾರ್ಮೋನಿಯಂ ಮುಂದೆ ಕೂತರೆ ತಿದಿ ಒತ್ತುವುದೇ ನನಗೆ ಮರೆತುಹೋಯಿತು.

ಡಿಸೆಂಬರಿನಲ್ಲಿ ಹಾಸನದಲ್ಲಿ ಶಾಲೆಗಳ ನಾಟಕ ಸ್ಪರ್ಧೆ ಇದೆ. ನಮ್ಮ ಕನ್ನಡ ಪಂಡಿತರು ಹೇಮಾವತಿಯಲ್ಲಿ ದೋಣಿ ನಡೆಸುವ ಹುಡುಗಿಯೊಬ್ಬಳ ಕಥೆ ಬರೆದಿದ್ದಾರೆ. ಮಾತು ಕಡಿಮೆ, ಎಲ್ಲಾ ಹಾಡೇ. ದೋಣಿಯವಳ ಪಾತ್ರಕ್ಕೆ ಸುವರ್ಣನನ್ನು ಬಿಟ್ಟರೆ ಬೇರೆ ಯಾರೂ ನನ್ನ ಕಣ್ಣಿಗೆ ಕಾಣುತ್ತಿಲ್ಲ. ಆದರೆ ಹೀಗೇ ಕೂಗಿಕೊಂಡು ಹೋದರೆ ಅವಳ ಗಂಟಲು ಎರಡು ವರ್ಷ ಬಾಳುವುದಿಲ್ಲ. ಅವಳಿಗೆ ಸರಿಯಾಗಿ ಉಸಿರು ಹಿಡಿಯುವುದು, ದನಿ ಬಿಡುವುದು ಕಲಿಸುತ್ತೇನೆ. ಟ್ರೈನಿಂಗ್ ಸ್ಕೂಲಿನಲ್ಲಿ ನೀಲಾಂಬಿಕೆ ಎಂಬ ಸಂಗೀತದ ಮೇಡಂ ಇದ್ದರು, ನಾನು ಬುದ್ಧಿ ಕಲಿತದ್ದು ಅವರಿಂದ. ನಿನ್ನ ಪಾಲಿಗೆ ಆ ಬುದ್ಧಿ ತಡವಾಗಿ ಬಂತು.

ಗಂಟಲಿನ ವಿಷಯದಲ್ಲಿ ನನ್ನನ್ನು ನಂಬು ಎಂದು ನಿನಗೆ ಬರೆಯಲು ನನಗೆ ಮುಖವಿಲ್ಲ. ಮೊಸಳೆ ಊರಿನ ನಾಟಕದಲ್ಲಿ ನಿನಗೆ ಅಷ್ಟು ಕಷ್ಟವಾಗುತ್ತಿದೆ ಎಂದು ನನಗೆ ಆಗ ತಿಳಿಯಲಿಲ್ಲ. ನಿನ್ನ ಒಪ್ಪಿಗೆ ಇಲ್ಲದೆ ಮಗುವಿನ ಕೈಯಲ್ಲಿ ಒಂದು ಸಾಲೂ ಹಾಡಿಸುವುದಿಲ್ಲ. ಮಗುವಿನ ತಾಯಿ ಮಾಯಮ್ಮನನ್ನು ಕೇಳಿದೆ ಎಂದು ಹೇಳು.

ದ್ಯಾವಯ್ಯ


ಹಳ್ಳಿಮೈಸೂರು
17-7-61

ಮೇಷ್ಟ್ರಿಗೆ,

ನಿಮ್ಮ ಕಾಗದ ತಲುಪಿತು. ಮಗಳನ್ನು ಹಾಸ್ಟೆಲಿಗೆ ಸೇರಿಸಿರುವುದು ಓದಲಿ ಎಂದು. ಹಾಡುವುದು ಬೇಡ. ನಾನು ಹಾಡಿ ಏನಾದೆ ಎಂದು ನಿಮಗೆ ಗೊತ್ತಿದೆ. ಪಾತ್ರವನ್ನು ಬೇರೆ ಯಾರಿಗಾದರೂ ಕೊಡಿ. ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಗಂಗಯ್ಯ


ಹೊಳೆನರಸೀಪುರ, ಹಾಸ್ಟೆಲ್
6-8-1961, ಭಾನುವಾರ

ಅಪ್ಪನಿಗೆ,

ಅಪ್ಪನಿಗೆ ಬರೆಯುವಾಗ "ಚರಣಾರವಿಂದಗಳಲ್ಲಿ" ಎಂದು ಶುರು ಮಾಡಬೇಕು ಅಂತ ಪಂಡಿತರು ಹೇಳಿಕೊಟ್ಟಿದ್ದಾರೆ. ನಿನ್ನ ಕಾಲು ಯಾವಾಗಲೂ ಡಾಂಬರಿನಲ್ಲಿ ಇರುತ್ತೆ, ಅದಕ್ಕೇ ಬರೀ ಅಪ್ಪನಿಗೆ ಅಂತ ಬರೆದಿದ್ದೀನಿ. ಕೋಪ ಮಾಡಿಕೊಳ್ಳಬೇಡ, ನಾನೇ ಕೋಪದಲ್ಲಿದ್ದೀನಿ.

ದೋಣಿಯವಳ ಪಾತ್ರದಿಂದ ನನ್ನನ್ನು ತೆಗೆದರು. ಯಾಕೆ ಸಾ ಅಂದರೆ "ನಿಮ್ಮಪ್ಪ ಒಪ್ಪಲಿಲ್ಲ ಕಣಮ್ಮ" ಅಂದರು ದ್ಯಾವಯ್ಯ ಮೇಷ್ಟ್ರು. ಪಾತ್ರ ಈಗ ಯಾರಿಗೂ ಕೊಟ್ಟಿಲ್ಲ. ಅವರೇ ಹುಡುಗಿ ದನಿ ಮಾಡಿಕೊಂಡು ಹಾಡಿ ತೋರಿಸುತ್ತಾರೆ, ನಮಗೆಲ್ಲ ನಗು ತಡೆಯೋದಕ್ಕೆ ಆಗಲ್ಲ.

ಪ್ರಾರ್ಥನೆ ಮೇಳದಲ್ಲಿ ಮಾತ್ರ ಇದ್ದೀನಿ, ಅದು ಎಲ್ಲರೂ ಹಾಡಲೇಬೇಕು. ಅಲ್ಲಿ ಅವರು ಏನೇನು ಮಾಡಿಸ್ತಾರೆ ಗೊತ್ತಾ? ಚಾಪೆ ಮೇಲೆ ಅಂಗಾತ ಮಲಗಿಸಿ ಹೊಟ್ಟೆ ಮೇಲೆ ಸ್ಲೇಟು ಇಡ್ತಾರೆ. ಉಸಿರು ಎಳೆದರೆ ಸ್ಲೇಟು ಏಳಬೇಕು, ಬಿಟ್ಟರೆ ಮೆಲ್ಲಗೆ ಇಳಿಯಬೇಕು, ದಡಕ್ಕನೆ ಇಳಿದರೆ ಮತ್ತೆ ಮೊದಲಿಂದ. ಎದೆಯಲ್ಲಿ ಉಸಿರು ತುಂಬಿಕೊಂಡರೆ ಗಂಟಲ ಮೇಲೆ ಭಾರ ಬೀಳುತ್ತಂತೆ. ಆಮೇಲೆ ಬಾಯಿ ಮುಚ್ಚಿಕೊಂಡು ಗುಂಯ್ ಅನ್ನಬೇಕು, ತುಟಿಯಲ್ಲಿ ಕಚಗುಳಿ ಇಟ್ಟ ಹಾಗೆ ಆಗುವವರೆಗೂ. ಗದ್ದ ಎತ್ತಬಾರದು. ಕೊಕ್ಕೋ ಆಡುವಾಗ ಕಿರುಚಬಾರದು, ಇದು ಬಹಳ ಕಷ್ಟ. ಎಲ್ಲಕ್ಕಿಂತ ಕಷ್ಟ ಅಂದರೆ, ಹಾಡುವಾಗ ಪಕ್ಕದವಳ ದನಿ ನನಗೆ ಕೇಳಿಸಬೇಕಂತೆ. ಕೇಳಿಸದಿದ್ದರೆ ನಾನು ಜಾಸ್ತಿ ಕೂಗ್ತಾ ಇದ್ದೀನಿ ಅಂತ ಅರ್ಥ. ನನ್ನ ಪಕ್ಕದಲ್ಲಿ ನೀಲಗಂಗಮ್ಮ ನಿಲ್ತಾಳೆ. ಒಂದು ವರ್ಷದಿಂದ ಪಕ್ಕದಲ್ಲೇ ನಿಂತಿದ್ದಾಳೆ, ಅವಳ ದನಿ ಇಷ್ಟು ಚೆನ್ನಾಗಿದೆ ಅಂತ ನನಗೆ ಹೋದ ವಾರ ಗೊತ್ತಾಯಿತು.

ಅಮ್ಮನಿಗೆ ಅರ್ಥವಾಗಲಿ ಅಂತ ಒಂದು ಬರೆಯುತ್ತೀನಿ. ಹಾರ್ಮೋನಿಯಂನಲ್ಲಿ ಮನೆಗಳು ಅಂತ ಇರ್ತವೆ. ಯಾವ ಮನೆ ಹಿಡಿದು ಹಾಡು ಶುರು ಮಾಡ್ತೀವೋ ಅದು ಶ್ರುತಿ. ಮನೆ ಏರಿದಷ್ಟೂ ಗಂಟಲು ಏರಬೇಕು. ನಾನು ಮೊದಲು ಐದು ಮನೆಗೆ ಕೂಗುತ್ತಿದ್ದೆ. ನಿನ್ನ ಗಂಟಲಿಗೆ ದೇವರು ಕೊಟ್ಟಿರೋದು ಮೂರು ಮನೆ ಅಂದರು ಮೇಷ್ಟ್ರು. ಮೂರರಲ್ಲಿ ಹಾಡಿದರೆ ಎಷ್ಟು ಹೊತ್ತಾದರೂ ಸುಸ್ತೇ ಆಗಲ್ಲ.

ಅಪ್ಪ, ನಿನ್ನ ಗಂಟಲು ಚಿಕ್ಕಂದಿನಲ್ಲಿ ಜ್ವರ ಬಂದು ಹೋಯಿತು ಅಂತ ಅಲ್ಲವಾ ಹೇಳಿದ್ದು? ನಾನು ಹಾಗಂದಾಗ ಮೇಷ್ಟ್ರು ಕಿಟಕಿ ಕಡೆ ನೋಡುತ್ತಾ ನಿಂತುಬಿಟ್ಟರು. ನಿನಗೆ ಅವರು ಗೊತ್ತಾ?

ನಿನ್ನ ಮಗಳು,
ಸುವರ್ಣ


ಹಳ್ಳಿಮೈಸೂರು
14-8-61

ಸುವರ್ಣಗೆ,

ಕಾಗದ ನೋಡಿದೆ. ಕಾಗುಣಿತ ತಪ್ಪಿಲ್ಲ, ಸಂತೋಷ. ಲೆಕ್ಕದ ವಿಷಯ ಏನೂ ಬರೆದಿಲ್ಲ. ನಿಮ್ಮಮ್ಮ ಹರಳೆಣ್ಣೆ, ಹುರಿಗಾಳು ಕಳಿಸಿದ್ದಾಳೆ, ಬಸ್ಸಿನ ಕಂಡಕ್ಟರ್ ಕೊಡುತ್ತಾನೆ, ಇಸಿದುಕೋ.

ಜ್ವರದಿಂದಲೇ. ಗೌರಿ ಹಬ್ಬಕ್ಕೆ ಬಾ.

ಅಪ್ಪ


ಹಳ್ಳಿಮೈಸೂರು
20-9-61

ಮೇಷ್ಟ್ರಿಗೆ,

ಬರೆಯಬೇಡಿ ಎಂದವನೇ ಬರೆಯುತ್ತಿದ್ದೇನೆ, ನಗಬೇಡಿ.

ಮಗಳು ಹಬ್ಬಕ್ಕೆ ಬಂದಿದ್ದಳು. ಹಬ್ಬದ ಮಾರನೇ ದಿನ ನಾನು ಕೆಲಸ ಮುಗಿಸಿ ಬಂದಾಗ ಅವಳು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಹಾಡಿಕೊಳ್ಳುತ್ತಿದ್ದಳು. ನಾನು ಗೋಡೆ ಈಚೆ ನಿಂತೆ. ಮುಂಚೆ ಅವಳು ಹಾಡಿದರೆ ಎದ್ದು ಹೊಲದ ಕಡೆ ಹೋಗುತ್ತಿದ್ದೆ. ಅವಳ ಕತ್ತಿನ ನರ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವತ್ತು ಹಾಗೆ ಇರಲಿಲ್ಲ. ದನಿ ಸುಮ್ಮನೆ ಬರುತ್ತಿತ್ತು. ಪಾತ್ರೆಯೆಲ್ಲ ಮುಗಿಯುವವರೆಗೂ ಅಲ್ಲೇ ನಿಂತಿದ್ದೆ. ಮಾಯಮ್ಮ ಬಂದು "ಯಾಕಂಗೆ ನಿಂತ್ಕಂಡಿದ್ದೀ, ಒಳಿಕ್ಕೆ ಬಾ" ಎಂದಳು, ಬಾಯಿ ಮುಚ್ಚಿಕೋ ಎಂದು ಕೈಸನ್ನೆ ಮಾಡಿದೆ.

ಸಂಜೆ ಮಗಳಿಗೆ ಎಲ್ಲ ಹೇಳಿದೆ. ನಿಮಗೂ ಹೇಳುತ್ತೇನೆ, ನೀವು ಹಾರ್ಮೋನಿಯಂ ಕಡೆಯಿಂದ ಮಾತ್ರ ಕಂಡಿರುವುದು. ಮೊಸಳೆಗೆ ನಮ್ಮ ಕೇರಿಯ ನಾಟಕದವರನ್ನು ಕರೆಸಿದ್ದು ಅದೇ ಮೊದಲ ಸಲ. ಹಿಂದಿನ ದಿನ ಬೇರೆ ಊರಿನವರು ಐದು ಮನೆ ಶ್ರುತಿಯಲ್ಲಿ ಹಾಡಿ ಹೋಗಿದ್ದರು. ನೀವೂ ಐದೇ ಹಿಡಿದಿರಿ. ನನಗೆ ಹದಿನಾರು ವರ್ಷ, ರಾಣಿಯ ಪಾತ್ರ, ಗಂಟಲು ಒಡೆಯುತ್ತಿದ್ದ ಕಾಲ. ಎರಡು ತಿಂಗಳಿಂದ ಐದು ನನಗೆ ಎಟುಕುತ್ತಿರಲಿಲ್ಲ. ಮೂರು ದಿನ ಹಾಡಿದೆ. ದಿನವೂ ನೀವು ಶುಂಠಿ ಮೆಣಸಿನ ಕಷಾಯ ಕುಡಿಸಿ ಬೆನ್ನು ತಟ್ಟಿ ಕಳಿಸಿದಿರಿ. ಮೂರನೇ ದಿನ ಪರದೆ ಹಿಂದೆ ಉಗುಳಿದರೆ ರಕ್ತ. ಅಲ್ಲಿಂದ ಈಚೆಗೆ ನನ್ನ ಗಂಟಲಲ್ಲಿ ಬರುವುದು ಗಾಳಿ. ಗ್ಯಾಂಗಿನವರನ್ನು ಕೂಗಲಾರದೆ ಪೀಪಿ ಊದಿ ಕರೆಯುತ್ತೇನೆ. ಮಗಳಿಗೆ ತೊಟ್ಟಿಲಲ್ಲಿ ಒಂದು ಜೋಗುಳ ಹೇಳಲಿಲ್ಲ.

ಅವಳು ದೋಣಿಯವಳಾಗಲಿ. ಶ್ರುತಿ ಮೂರು. ಕಲೆಕ್ಟರೇ ಬಂದು ಹೇಳಿದರೂ ಮೂರು ದಾಟಬಾರದು. ಒಪ್ಪುವುದಾದರೆ ಬರೆದು ಕಳಿಸಿ.

ಗಂಗಯ್ಯ


ಹೊಳೆನರಸೀಪುರ
27-9-1961

ಗಂಗಯ್ಯನಿಗೆ,

ಮೂರು. ಬರೆದು ಕೊಟ್ಟಿದ್ದೇನೆ, ಇಟ್ಟುಕೋ. ಬೇಕಾದರೆ ಸ್ಟಾಂಪ್ ಹಚ್ಚಿ ಇನ್ನೊಂದು ಕಳಿಸುತ್ತೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೇ ಸಲ ಓದಲು ಆಗಲಿಲ್ಲ.

ದ್ಯಾವಯ್ಯ


ಹೊಳೆನರಸೀಪುರ, ಹಾಸ್ಟೆಲ್
26-11-1961, ಭಾನುವಾರ

ಅಪ್ಪನಿಗೆ,

ನಾಟಕ ಡಿಸೆಂಬರ್ 16, ಶನಿವಾರ ಮಧ್ಯಾಹ್ನ. ನೀನು ಬರಲ್ಲ ಅಂತ ಅಮ್ಮ ಹೇಳಿ ಕಳಿಸಿದ್ದಾಳೆ, ಅರಕಲಗೂಡು ರಸ್ತೆಗೆ ಜಲ್ಲಿ ಬರುತ್ತಂತೆ. ಜಲ್ಲಿ ಎಲ್ಲೂ ಓಡಿಹೋಗಲ್ಲ ಅಪ್ಪ. ಆದರೂ ಬೇಡ ಬಿಡು, ನಿನಗೆ ಹಾರ್ಮೋನಿಯಂ ಕೇಳಿದರೆ ಹೇಗೆ ಆಗುತ್ತೆ ಅಂತ ನನಗೆ ಈಗ ಗೊತ್ತು.

ಹೆಡ್‌ಮಾಸ್ಟರು ರಿಹರ್ಸಲ್ ನೋಡಲು ಬಂದಿದ್ದರು. "ಇದೇನ್ರೀ ದ್ಯಾವಯ್ಯನವರೆ, ಮನೆಯೊಳಗೆ ಮಾತಾಡಿದ ಹಾಗೆ ಹಾಡ್ತಾಳೆ, ಕೊನೇ ಸಾಲಿಗೆ ಕೇಳಿಸಬೇಡವೇ, ಎರಡು ಮನೆ ಏರಿಸಿ" ಅಂದರು. ಮೇಷ್ಟ್ರು "ಕೊನೇ ಸಾಲಿನಲ್ಲಿ ನೀವೇ ಹೋಗಿ ಕೂತ್ಕೊಳ್ಳಿ ಸಾರ್" ಅಂದರು! ಹೆಡ್‌ಮಾಸ್ಟರು ನಿಜವಾಗಿಯೂ ಹೋಗಿ ಬಾಗಿಲ ಹತ್ತಿರ ಕೂತರು. ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರೆ ಕೂಗುವುದೇ ಬೇಕಾಗಿಲ್ಲ ಅಂತ ಮೇಷ್ಟ್ರು ಹೇಳಿದ್ದು ನೆನಪಿಟ್ಟುಕೊಂಡು ಹಾಡಿದೆ. ಮುಗಿದ ಮೇಲೆ ಹೆಡ್‌ಮಾಸ್ಟರು "ಕೇಳಿಸ್ತು" ಅಂತ ಮಾತ್ರ ಹೇಳಿ ಹೋದರು.

ಲೆಕ್ಕದಲ್ಲಿ ನಲವತ್ತೊಂದು ಬಂದಿದೆ. ಇದನ್ನು ಕೊನೆಯಲ್ಲಿ ಬರೆದಿದ್ದು ಬೇಕಂತಲೇ.

ಸುವರ್ಣ


ಹೊಳೆನರಸೀಪುರ
18-12-1961

ಗಂಗಯ್ಯನಿಗೆ,

ಸುವರ್ಣ ನಿನಗೆ ಎಲ್ಲವನ್ನೂ ಬರೆದಿರಬಹುದು, ಇಲ್ಲವೇ ಬರೆಯದೆ ನನ್ನ ಮಾನ ಉಳಿಸಿರಬಹುದು. ಎರಡನೆಯದೇ ನಿಜವಿರಬೇಕು. ಆದ್ದರಿಂದ ನಾನೇ ಹೇಳುತ್ತೇನೆ.

ನಮ್ಮದು ಏಳನೇ ನಾಟಕ. ನಮಗಿಂತ ಮುಂಚಿನ ಶಾಲೆಯವರು ಐದೂವರೆ ಮನೆಯಲ್ಲಿ ಎತ್ತಿದರು. ಮಕ್ಕಳು ಕಿರುಚಿದವು ಎಂದರೆ ನನಗೆ ಹೊಟ್ಟೆಕಿಚ್ಚು ಎನ್ನುತ್ತೀಯೆ. ಹೊಟ್ಟೆಕಿಚ್ಚೂ ಇತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಹೋಗಿ ವೇದಿಕೆಯ ಬದಿಯಲ್ಲಿ ಹಾರ್ಮೋನಿಯಂ ಮುಂದೆ ಕೂತೆ. ಮುಂದಿನ ಸಾಲಿನಲ್ಲಿ ಶಲ್ಯ ಹೊದ್ದವರೊಬ್ಬರು ಪಕ್ಕದವರಿಗೆ, "ಇನ್ನು ಆಸ್ಟೆಲ್ ಮಕ್ಕಳದಂತೆ, ಅವೇನು ಆಡ್ತವೆ, ಬನ್ನಿ ಕಾಫಿ ಕುಡ್ಕಂಡ್ ಬರನ" ಎಂದರು. ನನಗೆ ಕೇಳಿಸಲಿ ಎಂದು ಹೇಳಿದ್ದಲ್ಲ, ಕೇಳಿಸಿದರೆ ತಾನೇ ಏನಾಗುತ್ತದೆ ಎಂದು ಹೇಳಿದ್ದು.

ಪರದೆ ಎದ್ದಿತು. ನನ್ನ ಬೆರಳು ಐದಕ್ಕೆ ಹೋಯಿತು. ಅದು ತಾನಾಗಿ ಹೋಯಿತು ಎಂದು ಬರೆಯೋಣ ಎಂದುಕೊಂಡಿದ್ದೆ. ಹಾಗಾಗಲಿಲ್ಲ, ನಾನೇ ಇಟ್ಟೆ. ಇವತ್ತೊಂದು ದಿನ, ಒಂದೇ ಒಂದು ದಿನ ಎಂದುಕೊಂಡು ಇಟ್ಟೆ.

ಹಿಂದೆ ನಿಂತ ಮೇಳದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುವರ್ಣ ಕೈಯಲ್ಲಿ ದೋಣಿಯ ಹುಟ್ಟು ಹಿಡಿದು ಹಾಡಲು ಬಾಯಿ ತೆರೆದವಳು ಮುಚ್ಚಿದಳು. ವೇದಿಕೆಯ ಅಂಚಿಗೆ ನಡೆದು ಬಂದು ನನ್ನ ಮುಂದೆ ನಿಂತಳು. "ಸಾ, ಇಳಿಸ್ಕಳಿ ಸಾ. ಇದು ಐದು" ಎಂದಳು. ಸಭೆಯಲ್ಲಿ ನಗು. ನಾನು ತಲೆ ತಗ್ಗಿಸಿ, "ಆಡ್ಬುಡಮ್ಮ, ಇವತ್ತೊಂದಿನ" ಎಂದು ಪಿಸುಗುಟ್ಟಿದೆ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. "ಇಳಿಸ್ಕಳಿ ಸಾ, ನಾನು ಕಾಯ್ತೀನಿ" ಎಂದು ಹುಟ್ಟನ್ನು ನೆಲಕ್ಕೆ ಊರಿ ನಿಂತಳು. ಸಾವಿರ ಜನ ನಗುತ್ತಿದ್ದರು ಗಂಗಯ್ಯ, ಹದಿಮೂರು ವರ್ಷದ ಹುಡುಗಿ ನನಗಾಗಿ ಕಾದಳು.

ಮೂರಕ್ಕೆ ಇಳಿಸಿದೆ. ನನ್ನ ನಲವತ್ತೊಂದು ವರ್ಷದ ಆಯುಷ್ಯದಲ್ಲಿ ಸಭೆಯ ಎದುರಿಗೆ ಶ್ರುತಿ ಇಳಿಸಿದ್ದು ಅದೇ ಮೊದಲು.

ಆಮೇಲೆ ಅವಳು ಹಾಡಿದಳು. ಎರಡನೇ ಹಾಡಿನ ಹೊತ್ತಿಗೆ ನಗು ನಿಂತಿತ್ತು. ಹೊಳೆ ತುಂಬಿ ಬಂದ ದಿನ ಮುದುಕಿಯೊಬ್ಬಳನ್ನು ದಾಟಿಸುವ ಹಾಡಿನಲ್ಲಿ ಮುಂದಿನ ಸಾಲಿನವರು ಹಿಂದೆ ತಿರುಗಿ, ಮಾತಾಡುತ್ತಿದ್ದವರಿಗೆ ಶ್ ಎಂದರು. ಕಾಫಿಗೆ ಹೋಗಿದ್ದ ಶಲ್ಯದವರು ಬಂದು ಬಾಗಿಲಲ್ಲೇ ನಿಂತಿದ್ದರು. ನಾಟಕ ನಡುವೆ ನಿಂತಿತೆಂದು ಅಂಕ ಕಳೆದು ಮೂರನೇ ಬಹುಮಾನ ಕೊಟ್ಟರು. ಕಳೆದ ಅಂಕ ನನ್ನದು, ಮಗುವಿನದಲ್ಲ.

ಬರುವಾಗ ಬಸ್ಸಿನಲ್ಲಿ ಅವಳು ನೀಲಗಂಗಮ್ಮನ ಹೆಗಲ ಮೇಲೆ ನಿದ್ದೆ ಹೋದಳು. ಇಳಿದ ಮೇಲೆ ನನ್ನನ್ನು ಕೇಳಿದ್ದು ಒಂದೇ, ಸೋಮವಾರ ಪ್ರಾರ್ಥನೆ ಇದೆಯಾ ಎಂದು. ಬರೆದು ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ. ನೀನು ಏನು ಬೈದರೂ ಸರಿ.

ದ್ಯಾವಯ್ಯ


ಹಳ್ಳಿಮೈಸೂರು
24-12-61

ದ್ಯಾವಣ್ಣನಿಗೆ,

ಬೈಯುವುದು ಬಹಳ ಇತ್ತು. ಒಂದು ಹಾಳೆ ಬೈದು ಬರೆದು ಇಟ್ಟುಕೊಂಡಿದ್ದೆ, ಮಾಯಮ್ಮ ತೆಗೆದು ಅಕ್ಕಿ ಡಬ್ಬದ ಕೆಳಗೆ ಹಾಕಿಬಿಟ್ಟಳು. ಆದ್ದರಿಂದ ಕೇಳುವುದನ್ನು ಮಾತ್ರ ಕೇಳುತ್ತೇನೆ.

ಮೊಸಳೆಯಲ್ಲಿ ನನಗೆ ಕಷ್ಟವಾಗುತ್ತಿದ್ದುದು ನಿನಗೆ ತಿಳಿಯಲಿಲ್ಲ ಎಂದು ಜುಲೈ ಕಾಗದದಲ್ಲಿ ನೀನು ಬರೆದಿದ್ದೆ. ಅದು ನಿಜವೇ?

ಮಗಳು ಬಾಯಿಬಿಟ್ಟು ಕೇಳಿದಳು, ನೀನು ಇಳಿಸಿದೆ. ನಾನು ಅವತ್ತು ಕೇಳಲಿಲ್ಲ. ಮೂರು ದಿನವೂ ಕೇಳಬೇಕು ಎಂದು ಬರುವುದು, ನಿನ್ನ ಮುಖ ನೋಡಿ ಸುಮ್ಮನಾಗುವುದು. ನಾನು ಕೇಳಿದ್ದರೆ ಇಳಿಸುತ್ತಿದ್ದೆಯಾ?

ಸಮಾಧಾನಕ್ಕೆ ಬರೆಯಬೇಡ. ನನಗೆ ಇದು ಬೇಕು.

ಗಂಗಯ್ಯ


ಹೊಳೆನರಸೀಪುರ
30-12-1961

ಗಂಗ,

ತಿಳಿದಿತ್ತು. ಮೊದಲನೇ ದಿನ, ಎರಡನೇ ಹಾಡಿನಲ್ಲೇ ತಿಳಿಯಿತು. ನಿನ್ನ ದನಿ ಸೀಳುತ್ತಿತ್ತು, ನಾನು ಅದು ಕೇಳಿಸದಿರಲಿ ಎಂದು ಹಾರ್ಮೋನಿಯಂ ಜೋರು ಮಾಡಿದೆ. ಕಷಾಯ ಕುಡಿಸಿದ್ದೇ ತಿಳಿದಿದ್ದರಿಂದ.

ನೀನು ಕೇಳಿದ್ದರೂ ಇಳಿಸುತ್ತಿರಲಿಲ್ಲ. ಕಾಲು ಹಿಡಿದು ಕೇಳಿದ್ದರೂ ಇಳಿಸುತ್ತಿರಲಿಲ್ಲ. ಶ್ರುತಿ ಇಳಿದರೆ "ಕೇರಿಯವರ ಆರ್ಮೋನಿ ಇಷ್ಟೇ ಕಣ" ಎನ್ನುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಇತ್ತು. ಇಡೀ ಕೇರಿಯ ಮಾನವನ್ನು ನಿನ್ನೊಬ್ಬನ ಗಂಟಲಿಗೆ ಹೊರಿಸಿದೆ. ಹೊರಿಸಿದ ಮೇಲೆ, ನನಗೆ ತಿಳಿಯಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಹೇಳಿ ಹೇಳಿ ನಾನೇ ಅರ್ಧ ನಂಬಿದ್ದೆ.

ಈ ಕಾಗದಕ್ಕೆ ನೀನು ಉತ್ತರ ಬರೆಯದಿದ್ದರೆ ನಾನು ಏನೂ ಅಂದುಕೊಳ್ಳುವುದಿಲ್ಲ. ಸುವರ್ಣನ ಪಾಠ ಮಾತ್ರ ನಿಲ್ಲಿಸಬೇಡ. ನಾನು ಕಲಿಸುವುದು ಬೇಡವೆಂದರೆ ಹಾಸನದಲ್ಲಿ ನೀಲಾಂಬಿಕೆ ಮೇಡಂ ಹತ್ತಿರ ಏರ್ಪಾಡು ಮಾಡುತ್ತೇನೆ.

ದ್ಯಾವಯ್ಯ


ಹಳ್ಳಿಮೈಸೂರು
6-1-62

ದ್ಯಾವಣ್ಣ,

ನಿನ್ನ ಕಾಗದ ಓದಿ ಎರಡು ದಿನ ಅದನ್ನೇ ಯೋಚಿಸಿದೆ. ಜಲ್ಲಿ ಹಾಕಿಸುವಾಗಲೂ ಅದೇ, ಊಟಕ್ಕೆ ಕೂತರೂ ಅದೇ. ಸಿಟ್ಟು ಇನ್ನೂ ಇದೆ, ಇಲ್ಲ ಎನ್ನುವುದಿಲ್ಲ.

ಆದರೆ ಒಂದು ಹೇಳುತ್ತೇನೆ. ಅವತ್ತು ನಾನೇ ಬಾಯಿಬಿಟ್ಟು ಕೇಳಿದ್ದರೆ ಗಂಟಲು ಉಳಿಯುತ್ತಿತ್ತು, ಕೇಳದೆ ನಾನೇ ಕಳೆದುಕೊಂಡೆ ಎಂದು ಹದಿನೇಳು ವರ್ಷ ನನ್ನನ್ನು ನಾನು ಬೈದುಕೊಂಡಿದ್ದೇನೆ. ನಿನ್ನನ್ನು ಬೈದದ್ದಕ್ಕಿಂತ ಹೆಚ್ಚು. ಮಾಯಮ್ಮನಿಗೂ ಹೇಳಿರಲಿಲ್ಲ. ಕೇಳಿದ್ದರೂ ಅಷ್ಟೇ ಎಂದು ಈಗ ತಿಳಿಯಿತು. ನನ್ನ ತಪ್ಪಲ್ಲ ಎಂದು ಬರೆದು ಕೊಟ್ಟವನು ನೀನು ಒಬ್ಬನೇ. ಇದನ್ನು ಬರೆಯುವಾಗ ಅಳು ಬರುತ್ತಿದೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.

ಸಂಕ್ರಾಂತಿ ಈ ಸಲ ಭಾನುವಾರ ಬಿದ್ದಿದೆ. ಮಗಳು ಬರುತ್ತಾಳೆ, ಅವಳ ಜೊತೆ ಒಂದೇ ಬಸ್ಸಿನಲ್ಲಿ ಬಾ. ಹಾರ್ಮೋನಿಯಂ ತೆಗೆದುಕೊಂಡು ಬಾ. ಅವಳಿಗೆ ಹಬ್ಬದ ದಿನ ಪಾಠ ಬೇಡ. ನನಗೊಂದು ಶ್ರುತಿ ಹುಡುಕಿ ಕೊಡು. ಗಾಳಿಯ ನಡುವೆ ಅಷ್ಟಿಷ್ಟು ದನಿ ಇನ್ನೂ ಇದೆ, ಮೊನ್ನೆ ಹೊಲದಲ್ಲಿ ಯಾರೂ ಇಲ್ಲದಾಗ ನೋಡಿಕೊಂಡೆ. ಬಹಳ ಕೆಳಗೆ ಇದೆ. ನೀನು ಅಲ್ಲಿಯವರೆಗೂ ಇಳಿಯಬೇಕು.

ಗಂಗ